ಎಕ್ಸ್‌ಟಿಂಕ್ಷನ್ ಆದ ಭಯ ಮರಳದಂತೆ ಪ್ರಯೋಗ ಕಟ್ಟುವುದು ಹೇಗೆ

ಟೋನ್ ಕೇಳಿಸಿ, ಅದರ ಕೊನೆಗೆ ಪಾದಕ್ಕೆ ಸಣ್ಣ ಶಾಕ್ ಕೊಟ್ಟರೆ ಇಲಿ ಬೇಗ ಕಲಿಯುತ್ತದೆ. ಮೂರರಿಂದ ಐದು ಸಲ ಸಾಕು. ಆಮೇಲೆ ಶಾಕ್ ಇಲ್ಲದೆ ಬರೀ ಟೋನನ್ನೇ ಮತ್ತೆ ಮತ್ತೆ ಕೇಳಿಸುತ್ತ ಹೋದರೆ, ಮೈ ಸೆಟೆದು ಅಲುಗಾಡದೆ ನಿಲ್ಲುವುದು, ಅಂದರೆ ಫ್ರೀಜಿಂಗ್, ನಿಧಾನಕ್ಕೆ ಕಡಿಮೆಯಾಗುತ್ತದೆ. ಇದು ಎಕ್ಸ್‌ಟಿಂಕ್ಷನ್. ಫ್ರೀಜಿಂಗ್ ಟೋನ್ ಅವಧಿಯ ಶೇ 10ಕ್ಕಿಂತ ಕೆಳಗಿಳಿದ ದಿನ ‘ಕಲಿಕೆ ಅಳಿಯಿತು’ ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಹಳೆಯ ಕಲಿಕೆ ಬಹುಪಾಲು ಹಾಗೇ ಉಳಿದಿರುತ್ತದೆ. ಅದರ ಮೇಲೆ ‘ಈ ಟೋನ್ ಈಗ, ಇಲ್ಲಿ, ಅಪಾಯದ್ದಲ್ಲ’ ಎಂಬ ಇನ್ನೊಂದು ಕಲಿಕೆ ಕೂತಿರುತ್ತದೆ, ಅಷ್ಟೆ.

ಆ ‘ಈಗ, ಇಲ್ಲಿ’ ಎಂಬೆರಡು ಮಾತುಗಳಲ್ಲೇ ಎಲ್ಲ ತೊಂದರೆಯೂ ಇದೆ. ಮೊದಲ ಕಲಿಕೆ ಎಲ್ಲಿ ಹೋದರೂ ಇಲಿಯ ಜೊತೆ ಹೋಗುತ್ತದೆ. ಎರಡನೆಯದು ತಾನು ಹುಟ್ಟಿದ ಜಾಗಕ್ಕೂ ಹೊತ್ತಿಗೂ ಅಂಟಿಕೊಂಡಿರುತ್ತದೆ. ಆದ್ದರಿಂದ ಭಯ ಮರಳದಂತೆ ಮಾಡುವ ಕೆಲಸವೆಂದರೆ ಹಳೆಯದನ್ನು ಕಿತ್ತು ಹಾಕುವುದಲ್ಲ, ಎರಡನೆಯ ಕಲಿಕೆ ಹೊರಗೂ ನಡೆಯುವಂತೆ, ತಡವಾದರೂ ನಿಲ್ಲುವಂತೆ ಮಾಡುವುದು.

ಇಲ್ಲಿ ಇಲಿ ಎಂದರೆ ರ‍್ಯಾಟ್. ಮೌಸ್ ಬಂದಲ್ಲಿ ಮೌಸ್ ಎಂದೇ ಬರೆದಿದೆ.

ಭಯ ಯಾವ ದಾರಿಯಲ್ಲಿ ಮರಳುತ್ತದೆ

ತಡೆಯುವ ಮೊದಲು ಯಾವುದನ್ನು ತಡೆಯುತ್ತಿದ್ದೇವೆ ಎಂಬುದು ಖಚಿತವಾಗಿರಬೇಕು. ಒಂದು ದಾರಿಗೆ ಹಾಕಿದ ತಡೆ ಇನ್ನೊಂದಕ್ಕೆ ಕೆಲಸ ಮಾಡದೆ ಹೋಗುವುದು ಇಲ್ಲಿ ಸಾಮಾನ್ಯ.

ಬರೀ ಸಮಯ ಕಳೆದರೇ ಮರಳುವುದು ಸ್ಪಾಂಟೇನಿಯಸ್ ರಿಕವರಿ. ಪಾವ್ಲೋವ್ ನಾಯಿಗಳಲ್ಲೇ ಇದನ್ನು ಗುರುತಿಸಿದ್ದರು. ಇಲಿಗಳ ಟೋನ್-ಭಯದಲ್ಲಿ ಹತ್ತು ದಿನ ಬಿಟ್ಟರೆ ಫ್ರೀಜಿಂಗ್ ಪೂರ್ತಿಯಾಗಿ ಮರಳಬಹುದು ಎಂದು 2002ರಲ್ಲಿ ಗ್ರೆಗರಿ ಕ್ವಿರ್ಕ್ ತೋರಿಸಿದರು. ಹಾಗೆ ಮರಳಿದ ಮೇಲೂ ಎರಡನೇ ಸಲ ಅದನ್ನು ಇಳಿಸಲು ಕಡಿಮೆ ಟೋನ್‌ಗಳು ಸಾಕಾದವು. ಎಕ್ಸ್‌ಟಿಂಕ್ಷನ್ ಕಲಿಕೆಯೂ ಒಳಗೆ ಉಳಿದೇ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ಜಾಗ, ಅಂದರೆ ಕಾಂಟೆಕ್ಸ್ಟ್, ಬದಲಾದರೆ ಮರಳುವುದು ರಿನ್ಯೂವಲ್. ಎ ಕಾಂಟೆಕ್ಸ್ಟ್‌ನಲ್ಲಿ ಶಾಕ್, ಬಿ ಕಾಂಟೆಕ್ಸ್ಟ್‌ನಲ್ಲಿ ಎಕ್ಸ್‌ಟಿಂಕ್ಷನ್, ಮತ್ತೆ ಎ ಕಾಂಟೆಕ್ಸ್ಟ್‌ನಲ್ಲಿ ಪರೀಕ್ಷೆ: ಇದು ಎಬಿಎ. ಪರೀಕ್ಷೆ ಹೊಸ ಜಾಗವಾದ ಸಿಯಲ್ಲಾದರೆ ಎಬಿಸಿ. ಶಾಕ್ ಮತ್ತು ಎಕ್ಸ್‌ಟಿಂಕ್ಷನ್ ಎರಡೂ ಎಯಲ್ಲೇ ನಡೆದು ಪರೀಕ್ಷೆ ಬಿಯಲ್ಲಾದರೆ ಎಎಬಿ. ಸಾಮಾನ್ಯವಾಗಿ ಎಬಿಎಯಲ್ಲಿ ಭಯ ಅತಿ ಹೆಚ್ಚು ಮರಳುತ್ತದೆ, ಎಎಬಿಯಲ್ಲಿ ಅತಿ ಕಡಿಮೆ. ನಿಮ್ಮ ತಡೆ ಗಟ್ಟಿಯೇ ಎಂದು ತಿಳಿಯಬೇಕಾದರೆ ಎಬಿಎಯಲ್ಲೇ ನೋಡಿ. ಎಎಬಿಯಲ್ಲಿ ಗೆದ್ದು ನಿಲ್ಲಿಸಿದರೆ ಸುಲಭದ ಪರೀಕ್ಷೆಯಲ್ಲಿ ಪಾಸಾದಂತೆ.

ಟೋನ್ ಇಲ್ಲದೆ ಬರೀ ಶಾಕ್ ಮತ್ತೆ ಬಿದ್ದಾಗ ಮರಳುವುದು ರೀಇನ್‌ಸ್ಟೇಟ್‌ಮೆಂಟ್. ಇಲ್ಲಿ ಜಾಗದ ಪಾತ್ರ ದೊಡ್ಡದು: ಪರೀಕ್ಷೆ ನಡೆಯುವ ಚೇಂಬರ್‌ನಲ್ಲೇ ಶಾಕ್ ಬಿದ್ದಿದ್ದರೆ ಟೋನ್‌ನ ಭಯ ಚೆನ್ನಾಗಿ ಮರಳುತ್ತದೆ, ಬೇರೆಡೆ ಬಿದ್ದಿದ್ದರೆ ಅಷ್ಟಾಗಿ ಮರಳುವುದಿಲ್ಲ. ಕೊನೆಯದಾಗಿ, ಟೋನ್ ಮತ್ತು ಶಾಕ್ ಮತ್ತೆ ಜೋಡಿಯಾದರೆ ಮೊದಲಿಗಿಂತ ಬೇಗ ಕಲಿಯುವುದು ರ‍್ಯಾಪಿಡ್ ರೀಅಕ್ವಿಸಿಷನ್. ಲಿವರ್ (ಚೇಂಬರ್ ಗೋಡೆಯ ಸನ್ನೆ) ಒತ್ತುವಂಥ ಕೆಲಸಗಳಿಗೆ ರಿಸರ್ಜೆನ್ಸ್ ಎಂಬ ಇನ್ನೊಂದು ದಾರಿಯಿದೆ. ಅದು ಮುಂದೆ ಬರುತ್ತದೆ.

ಕಾಂಟೆಕ್ಸ್ಟ್‌ಗಳನ್ನು ಕಟ್ಟುವುದು

ರಿನ್ಯೂವಲ್ ಪ್ರಯೋಗಗಳು ಹೆಚ್ಚು ಕೆಡುವುದು ಈ ಹಂತದಲ್ಲಿ. ಗೋಡೆಗೆ ಪಟ್ಟೆ ಕಾಗದ ಅಂಟಿಸಿದ ಮಾತ್ರಕ್ಕೆ ಇಲಿಗೆ ಜಾಗ ಬೇರೆಯಾಗುವುದಿಲ್ಲ. ಅದು ಜಾಗವನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ, ಕಾಲಡಿಯ ಸ್ಪರ್ಶದಿಂದ, ಆಮೇಲೆ ಬೆಳಕು ಮತ್ತು ಹಿನ್ನೆಲೆ ಸದ್ದಿನಿಂದ. ಹಾಗಾಗಿ ಇವು ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಎ ಕಾಂಟೆಕ್ಸ್ಟ್‌ಗೆ ಸ್ಟೀಲ್ ಸರಳುಗಳ ಗ್ರಿಡ್ ನೆಲ, ಬಿಳಿ ಬೆಳಕು, ಫ್ಯಾನ್ ಚಾಲೂ, ಗ್ರಿಡ್ ಕೆಳಗಿನ ಟ್ರೇಗೆ ಶೇ 1ರ ಅಸೆಟಿಕ್ ಆಮ್ಲದ ತೆಳುವಾದ ಲೇಪ. ಬಿ ಕಾಂಟೆಕ್ಸ್ಟ್‌ಗೆ ಗ್ರಿಡ್ ಮೇಲೆ ನಯವಾದ ಪ್ಲೆಕ್ಸಿಗ್ಲಾಸ್ ಹಾಳೆ, ಕೆಂಪು ಮಂದ ಬೆಳಕು, ಫ್ಯಾನ್ ಬಂದ್, ಟ್ರೇಗೆ ಶೇ 1ರ ಅಮೋನಿಯಾ ದ್ರಾವಣ. ಸಿ ಬೇಕಿದ್ದರೆ ಬಾಗಿದ ಗೋಡೆಯ ಒಳಗವಚ, ಬೆಡ್ಡಿಂಗ್ ಹಾಸಿದ ನೆಲ, ಪುದೀನಾ ವಾಸನೆ. ಸಾಗಿಸುವ ಪೆಟ್ಟಿಗೆಯೂ ಬೇರೆಯಾಗಿರಲಿ: ಎಗೆ ಬಿಳಿ ಪ್ಲಾಸ್ಟಿಕ್ ಡಬ್ಬಿ, ಬಿಗೆ ಕಪ್ಪು ಡಬ್ಬಿಯ ತಳಕ್ಕೆ ಬೆಡ್ಡಿಂಗ್. ಸಾಧ್ಯವಾದರೆ ಕೋಣೆಯೂ ಬೇರೆಯಾಗಿರಲಿ.

ಒರೆಸುವ ದ್ರಾವಣವನ್ನು ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡೂ ಚೇಂಬರ್‌ಗಳನ್ನು ಶೇ 70ರ ಆಲ್ಕೋಹಾಲ್‌ನಲ್ಲೇ ಒರೆಸಿದರೆ ಆ ವಾಸನೆ ಎರಡು ಜಾಗಗಳನ್ನೂ ಒಂದೇ ದಾರದಲ್ಲಿ ಕಟ್ಟುತ್ತದೆ. ಪ್ರತಿ ಕಾಂಟೆಕ್ಸ್ಟ್‌ನ ವಾಸನೆಯ ದ್ರಾವಣದಲ್ಲೇ ಅದನ್ನು ಒರೆಸಿ. ಗ್ರಿಡ್ ಸರಳುಗಳ ಬುಡದಲ್ಲಿ, ಅವು ಗೋಡೆಗೆ ಸೇರುವ ಕಡೆ, ಮೂತ್ರ ಒಣಗಿ ಕೂತಿರುತ್ತದೆ. ಹತ್ತಿಯ ಕಡ್ಡಿಯಲ್ಲಿ ಅದನ್ನು ತೆಗೆಯಿರಿ. ಶಾಕ್ ತಿಂದ ಇಲಿಯ ವಾಸನೆ ಮುಂದಿನ ಇಲಿಯನ್ನು ಎಕ್ಸ್‌ಟಿಂಕ್ಷನ್ ದಿನವೂ ಹೆದರಿಸಬಲ್ಲದು. ಅಲ್ಲಿ ಉಪ್ಪು ಕಟ್ಟಿದರೆ ಸರಳುಗಳ ನಡುವೆ ಕರೆಂಟ್ ಸೋರಿ ಶಾಕ್ ಕೂಡ ಕಡಿಮೆಯಾಗುತ್ತದೆ.

ಕಾಂಟೆಕ್ಸ್ಟ್ ಸರಿಯಾಗಿದೆಯೇ ಎಂದು ಹೇಳುವುದು ಬೇಸ್‌ಲೈನ್. ಪ್ರತಿ ಸೆಷನ್‌ನಲ್ಲಿ ಮೊದಲ ಟೋನ್‌ಗಿಂತ ಮುಂಚೆ 2ರಿಂದ 3 ನಿಮಿಷ ಸುಮ್ಮನೆ ಬಿಟ್ಟು ಫ್ರೀಜಿಂಗ್ ಅಳೆಯಿರಿ. ಬಿಗೆ ಮೊದಲ ಸಲ ಹೋದಾಗಲೇ ಬೇಸ್‌ಲೈನ್ ಎತ್ತರವಿದ್ದರೆ ಇಲಿ ಬಿಯನ್ನು ಎ ಎಂದೇ ಭಾವಿಸಿದೆ. ಪರೀಕ್ಷೆಯ ದಿನ ಎಯಲ್ಲಿ ಬೇಸ್‌ಲೈನ್ ಎತ್ತರವಿದ್ದರೆ ನೀವು ಕಂಡದ್ದು ಟೋನ್‌ನ ರಿನ್ಯೂವಲ್ಲೋ ಅಥವಾ ಜಾಗದ ಭಯವೋ ಹೇಳಲಾಗದು. ಇದನ್ನು ತಪ್ಪಿಸಲು ಎಕ್ಸ್‌ಟಿಂಕ್ಷನ್ ನಡೆಯುವ ದಿನಗಳಲ್ಲೇ, ಬೇರೆ ಹೊತ್ತಿನಲ್ಲಿ, ಟೋನೂ ಶಾಕೂ ಇಲ್ಲದೆ ಇಲಿಯನ್ನು ಎಯಲ್ಲಿ ಅಷ್ಟೇ ಹೊತ್ತು ಇಡಿ. ಆಗ ಜಾಗದ ಭಯ ಇಳಿದು ಟೋನ್‌ನದು ಮಾತ್ರ ಉಳಿಯುತ್ತದೆ. ಎಲ್ಲ ಗುಂಪುಗಳೂ ಎಲ್ಲ ಜಾಗಗಳನ್ನು ಸಮನಾಗಿ ನೋಡಿರಬೇಕು. ಅರ್ಧ ಇಲಿಗಳಿಗೆ ಒಂದು ಚೇಂಬರ್ ಎ, ಉಳಿದರ್ಧಕ್ಕೆ ಅದೇ ಚೇಂಬರ್ ಬಿ ಆಗುವಂತೆ ಅದಲು ಬದಲು ಮಾಡಿ.

ಮೂಲ ಕ್ರಮ

ಇದರ ಮೇಲೆಯೇ ಉಳಿದ ತಂತ್ರಗಳನ್ನು ಸೇರಿಸುವುದರಿಂದ ಮೊದಲು ಇದು ಅಲುಗಾಡದಂತೆ ನಿಲ್ಲಬೇಕು.

1. ನಾಲ್ಕೈದು ದಿನ, ದಿನಕ್ಕೆ ಕೆಲವು ನಿಮಿಷ, ಇಲಿಯನ್ನು ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಸಿ. ಪ್ರಯೋಗ ನಡೆಸುವವರೇ ಹಿಡಿಯಬೇಕು.
2. ಎಯಲ್ಲಿ ಕಲಿಸಿ: ಸುಮಾರು 80 ಡೆಸಿಬೆಲ್ ಟೋನ್, 10ರಿಂದ 30 ಸೆಕೆಂಡ್, ಅದರ ಕೊನೆಗೆ 0.5ರಿಂದ 1 ಸೆಕೆಂಡ್ ಶಾಕ್, 0.5ರಿಂದ 0.8 ಮಿಲಿಆಂಪಿಯರ್. ಮೂರರಿಂದ ಐದು ಜೋಡಿ, ನಡುವೆ 1ರಿಂದ 3 ನಿಮಿಷ, ಪ್ರತಿ ಸಲ ಬೇರೆ ಬೇರೆ ಅಂತರ.
3. 24 ಗಂಟೆ ಬಿಡಿ.
4. ಬಿಯಲ್ಲಿ ಎಕ್ಸ್‌ಟಿಂಕ್ಷನ್: ದಿನಕ್ಕೆ 20ರಿಂದ 45 ಟೋನ್, ಕನಿಷ್ಠ ಎರಡು ದಿನ.
5. 24 ಗಂಟೆಯ ನಂತರ ಬಿಯಲ್ಲೇ ಕೆಲವೇ ಟೋನ್‌ಗಳಿಂದ ನೆನಪಿನ ಪರೀಕ್ಷೆ, ಅದರ ಮರುದಿನ ಎಯಲ್ಲಿ ಪರೀಕ್ಷೆ. ಅರ್ಧ ಇಲಿಗಳಿಗೆ ಈ ಕ್ರಮ ತಿರುಗುಮುರುಗಾಗಿರಲಿ.

ಮೂರನೇ ಹೆಜ್ಜೆಯಲ್ಲಿ ಅವಸರ ಬೇಡ. ಕಲಿಸಿದ 15 ನಿಮಿಷಕ್ಕೇ ಎಕ್ಸ್‌ಟಿಂಕ್ಷನ್ ಮಾಡಿದಾಗ ಸೆಷನ್ ಒಳಗೆ ಫ್ರೀಜಿಂಗ್ ಇಳಿದರೂ ಮರುದಿನ ಅಷ್ಟೂ ಮರಳಿದ್ದನ್ನು 2006ರಲ್ಲಿ ಸ್ಟೀಫನ್ ಮರೆನ್ ಮತ್ತು ಚುನ್-ಹುಯಿ ಚಾಂಗ್ ವರದಿ ಮಾಡಿದರು. ಶಾಕ್ ಬಿದ್ದ ಹೊಸದರಲ್ಲಿ ಇಲಿ ತೀರಾ ಉದ್ವಿಗ್ನವಾಗಿರುತ್ತದೆ. ಆ ಸ್ಥಿತಿಯಲ್ಲಿ ಎಕ್ಸ್‌ಟಿಂಕ್ಷನ್ ಕಲಿಕೆ ಗಟ್ಟಿಯಾಗುವುದಿಲ್ಲ. ಅದೇ ವರ್ಷ ಬೇರೆ ವಿಧಾನದಲ್ಲಿ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಬೇಗ ಮಾಡಿದ ಎಕ್ಸ್‌ಟಿಂಕ್ಷನ್ ಹೆಚ್ಚು ಬಾಳಿಕೆ ಬಂದದ್ದೂ ಉಂಟು. ಹೀಗಿರುವಾಗ 24 ಗಂಟೆಯೇ ಸುರಕ್ಷಿತ.

ಶಾಕ್ 1 ಮಿಲಿಆಂಪಿಯರ್ ದಾಟಿಸಿದರೆ, ಜೋಡಿಗಳನ್ನು ಹತ್ತಾರು ಮಾಡಿದರೆ, ಎಕ್ಸ್‌ಟಿಂಕ್ಷನ್ ಮುಗಿಯದೆ ಎಳೆಯುತ್ತದೆ. ಫ್ರೀಜಿಂಗ್ ಶೇ 60ರಿಂದ 80ರ ನಡುವೆ ನಿಲ್ಲುವಷ್ಟು ಶಾಕ್ ಸಾಕು. ಏರಲೂ ಇಳಿಯಲೂ ಜಾಗ ಇರಬೇಕು. ಇದರಿಂದ ಪ್ರಾಣಿಗೆ ಆಗುವ ನೋವೂ ಕಡಿಮೆ. ಪ್ರಾಣಿ ನೈತಿಕ ಸಮಿತಿಯ ಅನುಮತಿ ಪತ್ರದಲ್ಲಿ ಬರೆದ ಗರಿಷ್ಠ ಶಾಕನ್ನು ಮೀರುವ ಮಾತೇ ಇಲ್ಲ.

ತಡೆಯುವ ತಂತ್ರಗಳು

ಮೊದಲನೆಯದು ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ನಿರ್ಲಕ್ಷಿತ: ಹೆಚ್ಚು ಎಕ್ಸ್‌ಟಿಂಕ್ಷನ್. ಫ್ರೀಜಿಂಗ್ ಸೊನ್ನೆಗೆ ಬಂದ ಮೇಲೂ ನಿಲ್ಲಿಸಬೇಡಿ. 2003ರಲ್ಲಿ ಡೆನಿಸ್ಟನ್, ಚಾಂಗ್ ಮತ್ತು ಮಿಲ್ಲರ್ ಇಲಿಗಳಿಗೆ 160 ಮತ್ತು 800 ಟ್ರಯಲ್ (ಶಾಕ್ ಇಲ್ಲದೆ ಸೂಚನೆಯನ್ನು ಒಮ್ಮೆ ಕೊಡುವುದು ಒಂದು ಟ್ರಯಲ್) ಕೊಟ್ಟು ಹೋಲಿಸಿದರು. 800 ಕೊಟ್ಟ ಗುಂಪಿನಲ್ಲಿ ರಿನ್ಯೂವಲ್ ತಗ್ಗಿತು. ಕಣ್ಣಿಗೆ ಕಾಣುವ ನಡವಳಿಕೆ ತಳ ಮುಟ್ಟಿದ ಮೇಲೂ ಕಲಿಕೆ ಒಳಗೆ ಮುಂದುವರಿಯುತ್ತಿರುತ್ತದೆ ಎಂಬುದು ಇದರ ಅರ್ಥ. ಒಂದು ಸೆಷನ್ ಒಳಗೆ ಟೋನ್‌ಗಳು ಒತ್ತೊತ್ತಾಗಿರಲಿ, ಸೆಷನ್‌ಗಳು ಬೇರೆ ಬೇರೆ ದಿನಗಳಿಗೆ ಹರಡಿರಲಿ. ಮೌಸ್‌ಗಳಲ್ಲಿ ಒತ್ತೊತ್ತಾದ ಟೋನ್‌ಗಳು ದೂರ ದೂರದವಕ್ಕಿಂತ ಚೆನ್ನಾಗಿ ಭಯ ಇಳಿಸಿವೆ. ದಿನಗಳಿಗೆ ಹರಡುವುದರಿಂದ ಇನ್ನೊಂದು ಲಾಭ: ಪ್ರತಿ ಬೆಳಿಗ್ಗೆ ಸ್ವಲ್ಪ ಸ್ಪಾಂಟೇನಿಯಸ್ ರಿಕವರಿ ಆಗಿ, ಅದೂ ಇಳಿಯುತ್ತದೆ.

ಎರಡನೆಯದು ಹಲವು ಕಾಂಟೆಕ್ಸ್ಟ್‌ಗಳಲ್ಲಿ ಎಕ್ಸ್‌ಟಿಂಕ್ಷನ್. ಬಿಯಲ್ಲಿ ಮಾಡಿ, ಆಮೇಲೆ ಸಿ, ಆಮೇಲೆ ಡಿ. ಜಾಗ ಬದಲಿಸಿದಾಗಲೆಲ್ಲ ಮೊದಲ ಕೆಲವು ಟೋನ್‌ಗಳಿಗೆ ಫ್ರೀಜಿಂಗ್ ಜಿಗಿಯುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ, ಬೇಕಾದದ್ದೇ ಅದು. ಆ ಜಿಗಿತ ಪೂರ್ತಿ ಇಳಿಯುವ ತನಕ ಆ ಜಾಗ ಬಿಡಬೇಡಿ. ಒಟ್ಟು 60 ಟೋನ್‌ಗಳನ್ನು ಮೂರು ಜಾಗಕ್ಕೆ 20ರಂತೆ ಹಂಚಿ, ಎಲ್ಲೂ ಪೂರ್ತಿ ಇಳಿಯದಂತೆ ಮಾಡಿದರೆ ಏನೂ ಸಿಗದು. ಈ ತಂತ್ರ ಕೆಲವು ಪ್ರಯೋಗಗಳಲ್ಲಿ ಫಲ ಕೊಟ್ಟು, ಕೆಲವು ಪ್ರಯೋಗಗಳಲ್ಲಿ ಕೊಡದೆ ಹೋದದ್ದಕ್ಕೆ ಟ್ರಯಲ್‌ಗಳ ಸಂಖ್ಯೆಯೂ ಕಾರಣ. 2009ರಲ್ಲಿ ಬ್ರಯನ್ ಥಾಮಸ್ ಮತ್ತು ಸಂಗಡಿಗರು ಎರಡನ್ನೂ ಒಟ್ಟಿಗೆ, ಅಂದರೆ ಬಹಳ ಟ್ರಯಲ್‌ಗಳನ್ನು ಹಲವು ಜಾಗಗಳಲ್ಲಿ, ಮಾಡಿದಾಗ ಎಬಿಎ ರಿನ್ಯೂವಲ್ ಇಲ್ಲವಾಯಿತು. ಸಾಮಾನ್ಯ ಸಲಕರಣೆಯಲ್ಲಿ, ಮದ್ದಿಲ್ಲದೆ ಮಾಡಬಹುದಾದ ತಡೆಗಳಲ್ಲಿ ನಮ್ಮ ಮೊದಲ ಆಯ್ಕೆ ಈ ಜೋಡಿಯೇ.

ಮೂರನೆಯದು ನೆನಪಿಸುವ ಸೂಚನೆ. ಎಕ್ಸ್‌ಟಿಂಕ್ಷನ್ ಸೆಷನ್‌ನಲ್ಲಿ ಮಾತ್ರ ಬರುವ ಒಂದು ಸಣ್ಣ ಸಂಕೇತವನ್ನು, ಒಂದು ಬೆಳಕೋ ಒಂದು ಕ್ಲಿಕ್ ಸದ್ದೋ, ಕೆಲವು ಟೋನ್‌ಗಳಿಗೆ ಮುಂಚೆ ಕೊಡಿ. ಪರೀಕ್ಷೆಯ ದಿನ ಅದೇ ಸಂಕೇತ ಬಂದರೆ ಎಕ್ಸ್‌ಟಿಂಕ್ಷನ್ ನೆನಪಿಗೆ ಬಂದು ಭಯದ ಮರಳುವಿಕೆ ತಗ್ಗುತ್ತದೆ. 1993ರಲ್ಲಿ ಬ್ರೂಕ್ಸ್ ಮತ್ತು ಬೌಟನ್ ಆಹಾರದ ಸೂಚನೆಯ ಕಲಿಕೆಯಲ್ಲಿ ಸ್ಪಾಂಟೇನಿಯಸ್ ರಿಕವರಿಯನ್ನು ಹೀಗೆ ತಗ್ಗಿಸಿದರು. ಅಪಾಯ ಇರುವುದು ಪ್ರತಿ ಟೋನ್ ಜೊತೆಗೂ ಸಂಕೇತ ಕೊಡುವುದರಲ್ಲಿ. ಹಾಗೆ ಮಾಡಿದರೆ ‘ಬೆಳಕು ಇದ್ದರೆ ಶಾಕ್ ಇಲ್ಲ’ ಎಂದು ಇಲಿ ಕಲಿತು, ಟೋನ್‌ನ ಭಯ ಇಳಿಯದೆ ಉಳಿಯುತ್ತದೆ. ನಾಲ್ಕು ಟೋನ್‌ಗೆ ಒಂದರಂತೆ ಕೊಟ್ಟರೆ ಸಾಕು. ಪರೀಕ್ಷೆಯಲ್ಲಿ ಮೂರು ಗುಂಪು ಬೇಕು: ಪರಿಚಿತ ಸಂಕೇತದ ಜೊತೆ, ಸಂಕೇತವಿಲ್ಲದೆ, ಇಷ್ಟೇ ಪರಿಚಿತವಾದ ಆದರೆ ಎಕ್ಸ್‌ಟಿಂಕ್ಷನ್‌ನಲ್ಲಿ ಬಂದಿರದ ಬೇರೊಂದು ಸಂಕೇತದ ಜೊತೆ. ಮೂರನೆಯದನ್ನು ಬಿಟ್ಟರೆ ಬರೀ ಗಮನ ಬೇರೆಡೆ ಹೋದ ಪರಿಣಾಮವನ್ನೇ ತಡೆ ಎಂದು ವರದಿ ಮಾಡುತ್ತೀರಿ.

ನಾಲ್ಕನೆಯದು, ಎರಡು ಭಯದ ಸೂಚನೆಗಳನ್ನು ಬೇರೆ ಬೇರೆಯಾಗಿ ಎಕ್ಸ್‌ಟಿಂಕ್ಷನ್ ಮಾಡಿ, ಆಮೇಲೆ ಎರಡನ್ನೂ ಒಟ್ಟಿಗೆ ಕೊಟ್ಟು ಇನ್ನಷ್ಟು ಇಳಿಸುವುದು. ರಾಬರ್ಟ್ ರೆಸ್ಕೋರ್ಲಾ 2006ರಲ್ಲಿ ಹೀಗೆ ಜೋಡಿಸಿದಾಗ ಮರಳುವಿಕೆ ಕಡಿಮೆಯಾದದ್ದನ್ನು ತೋರಿಸಿದರು. ಟೋನ್ ಮತ್ತು ಬೆಳಕು ಒಟ್ಟಿಗೆ ಬಂದಾಗ ಇಲಿಯ ನಿರೀಕ್ಷೆ ಮತ್ತೆ ಏರುತ್ತದೆ, ಶಾಕ್ ಬಾರದೆ ಹೋಗುತ್ತದೆ. ನಿರೀಕ್ಷೆ ಮತ್ತು ನಡೆದದ್ದರ ಅಂತರ ದೊಡ್ಡದಾದಷ್ಟು ಕಲಿಕೆ ಹೆಚ್ಚು. ಜೊತೆಗೂಡಿಸುವ ಎರಡನೇ ಸೂಚನೆ ಭಯದ್ದೇ ಆಗಿರಬೇಕು. ಸುರಕ್ಷತೆಯ ಸೂಚನೆಯನ್ನು ಸೇರಿಸಿದರೆ ಉಲ್ಟಾ ಪರಿಣಾಮ.

ರಿಟ್ರೀವಲ್ ನಂತರದ ಎಕ್ಸ್‌ಟಿಂಕ್ಷನ್

ಇದರ ಬಗ್ಗೆ ಕೇಳುವವರೇ ಹೆಚ್ಚು, ಎಚ್ಚರಿಕೆ ಬೇಕಾಗಿರುವುದೂ ಇಲ್ಲೇ. ಒಂದೇ ಒಂದು ಟೋನ್ ಕೊಟ್ಟು ಹಳೆಯ ನೆನಪನ್ನು ಎಬ್ಬಿಸಿ (ಇದೇ ರಿಟ್ರೀವಲ್), ಅದು ಮತ್ತೆ ಗಟ್ಟಿಯಾಗುವ ಮೊದಲು ಎಕ್ಸ್‌ಟಿಂಕ್ಷನ್ ಮಾಡಿದರೆ ನೆನಪೇ ಬದಲಾಗುತ್ತದೆ ಎಂಬುದು ಇದರ ಹಿಂದಿನ ವಾದ. 2009ರಲ್ಲಿ ಮೇರಿ ಮಾನ್‌ಫಿಲ್ಸ್ ಮತ್ತು ಸಂಗಡಿಗರು ಮೊದಲ ಟೋನ್ ಮತ್ತು ಉಳಿದವುಗಳ ನಡುವೆ 10 ನಿಮಿಷ ಅಥವಾ 1 ಗಂಟೆ ಬಿಟ್ಟಾಗ ಭಯ ಮರಳಲಿಲ್ಲ. 6 ಗಂಟೆ ಬಿಟ್ಟಾಗ ಮರಳಿತು.

ಮಾಡುವವರು ಅಂತರವನ್ನು ಗಡಿಯಾರ ನೋಡಿ ಹಿಡಿಯಬೇಕು. ಮೊದಲ ಟೋನ್ ಆದೊಡನೆ ಇಲಿಯನ್ನು ಹೋಮ್ ಕೇಜ್‌ಗೆ ಒಯ್ದು, ಆ ಅಂತರ ಅಲ್ಲೇ ಕಳೆಯಲಿ. ಹೋಲಿಕೆಯ ಗುಂಪಿಗೂ ಟೋನ್ ಇಲ್ಲದೆ ಅಷ್ಟೇ ಓಡಾಟ, ಅಷ್ಟೇ ಹೊತ್ತು ಚೇಂಬರ್ ಇರಲಿ, ಒಟ್ಟು ಟೋನ್‌ಗಳ ಸಂಖ್ಯೆ ಎರಡೂ ಗುಂಪಿಗೆ ಒಂದೇ ಆಗಿರಲಿ. 6 ಗಂಟೆಯ ಗುಂಪನ್ನು ಬಿಡಬೇಡಿ, ಫಲಿತಾಂಶಕ್ಕೆ ಕಾರಣ ಆ ಅಂತರವೇ ಎಂದು ಹೇಳುವುದು ಆ ಗುಂಪೇ.

ಇಷ್ಟಾದರೂ ಇದು ಎಲ್ಲೆಡೆ ಫಲಿಸಿಲ್ಲ. 2010ರಲ್ಲಿ ಪ್ರಕಟವಾದ ಒಂದು ಇಲಿ ಪ್ರಯೋಗದಲ್ಲಿ ಮೊದಲ ಟೋನ್ ಕೊಟ್ಟ ಗುಂಪಿನಲ್ಲೇ ಭಯ ಹೆಚ್ಚು ಮರಳಿತು. ಆದ್ದರಿಂದ ನಿಮ್ಮ ಇಡೀ ಯೋಜನೆಯನ್ನು ಈ ಒಂದರ ಮೇಲೆ ನಿಲ್ಲಿಸಬೇಡಿ. ಮೊದಲು ಸಣ್ಣ ಗುಂಪಿನಲ್ಲಿ ನಿಮ್ಮ ಚೇಂಬರ್, ನಿಮ್ಮ ತಳಿಯಲ್ಲಿ ನಡೆಯುತ್ತದೆಯೇ ನೋಡಿ, ಆಮೇಲೆ ಮುಂದುವರಿಯಿರಿ.

ಶಾಕನ್ನೇ ಬಳಸುವ ಎರಡು ಬಗೆ

ಶಾಕ್ ಒಮ್ಮೆಲೇ ನಿಂತರೆ ಇಲಿಗೆ ‘ಇದು ಬೇರೆಯೇ ಕಾಲ’ ಎನಿಸುತ್ತದೆ, ಹಳೆಯ ಕಾಲ ಹಾಗೇ ಉಳಿಯುತ್ತದೆ. ಸ್ಯಾಮ್ಯುಯೆಲ್ ಗರ್ಶ್‌ಮನ್ ಮತ್ತು ಸಂಗಡಿಗರು 2013ರಲ್ಲಿ ಶಾಕ್‌ಗಳನ್ನು ಎಕ್ಸ್‌ಟಿಂಕ್ಷನ್ ಆರಂಭದಲ್ಲಿ ಹತ್ತಿರ ಹತ್ತಿರ, ಆಮೇಲೆ ದೂರ ದೂರ ಇಟ್ಟು ಕ್ರಮೇಣ ನಿಲ್ಲಿಸಿದರು. ಸ್ಪಾಂಟೇನಿಯಸ್ ರಿಕವರಿಯೂ ರೀಇನ್‌ಸ್ಟೇಟ್‌ಮೆಂಟೂ ತಗ್ಗಿದವು. ಅಷ್ಟೇ ಶಾಕ್‌ಗಳನ್ನು ಉಲ್ಟಾ ಕ್ರಮದಲ್ಲಿ ಕೊಟ್ಟ ಗುಂಪು ಇದಕ್ಕೆ ಕಡ್ಡಾಯ. ಇನ್ನೊಂದು ಬಗೆ, ಎಕ್ಸ್‌ಟಿಂಕ್ಷನ್ ನಡುವೆ ಅಪರೂಪಕ್ಕೆ ಟೋನ್-ಶಾಕ್ ಜೋಡಿ ಕೊಡುವುದು. ಇದು ರ‍್ಯಾಪಿಡ್ ರೀಅಕ್ವಿಸಿಷನ್ ಅನ್ನು ನಿಧಾನ ಮಾಡುತ್ತದೆ: ಒಂದು ಶಾಕ್ ಆದ ಮೇಲೂ ಬಹಳ ಟೋನ್‌ಗಳು ಶಾಕ್ ಇಲ್ಲದೆ ಬಂದದ್ದನ್ನು ಇಲಿ ಕಂಡಿರುತ್ತದೆ.

ಶಾಕ್ ಬೇಡವೆನ್ನುವವರು ಶಾಕ್ ಬರಬೇಕಿದ್ದ ಕ್ಷಣದಲ್ಲಿ ಅಚ್ಚರಿಯ ಸಣ್ಣ ಸದ್ದೊಂದನ್ನು ಇಡಬಹುದು. ಇದೂ ಇಲಿಗಳಲ್ಲಿ ಮರಳುವಿಕೆಯನ್ನು ಕಡಿಮೆ ಮಾಡಿದೆ.

ಮದ್ದು

ಎಕ್ಸ್‌ಟಿಂಕ್ಷನ್ ಕಲಿಕೆಗೆ ನೆರವಾಗಲು ಕೊಡುವ ಮದ್ದು ಡಿ-ಸೈಕ್ಲೋಸೆರಿನ್: 15 ಮಿಲಿಗ್ರಾಂ ಪ್ರತಿ ಕಿಲೋಗ್ರಾಂ ತೂಕಕ್ಕೆ, ಎಕ್ಸ್‌ಟಿಂಕ್ಷನ್‌ಗೆ 30 ನಿಮಿಷ ಮೊದಲು ಅಥವಾ ಮುಗಿದೊಡನೆ, ಹೋಲಿಕೆಗೆ ಸಲೈನ್. ಎರಡು ಮಾತು ನೆನಪಿರಲಿ. ಅದು ಆ ಸೆಷನ್‌ನಲ್ಲಿ ನಡೆದ ಕಲಿಕೆಯನ್ನು ಗಟ್ಟಿ ಮಾಡುತ್ತದೆ. ಸೆಷನ್ ತೀರಾ ಚಿಕ್ಕದಾಗಿ ಭಯ ಇಳಿಯದೆ ಇದ್ದರೆ ಭಯವನ್ನೇ ಗಟ್ಟಿ ಮಾಡೀತು. ಮತ್ತು ಅದು ರೀಇನ್‌ಸ್ಟೇಟ್‌ಮೆಂಟನ್ನು ತಗ್ಗಿಸಿದರೂ ರಿನ್ಯೂವಲ್ ಅನ್ನು ತಡೆದಿಲ್ಲ. ಪದೇ ಪದೇ ಕೊಟ್ಟರೆ ಪರಿಣಾಮ ಕುಗ್ಗುತ್ತದೆ.

ಲಿವರ್ ಒತ್ತುವ ಕೆಲಸಗಳಿಗೆ

ಆಹಾರಕ್ಕಾಗಿ ಲಿವರ್ ಒತ್ತಲು ಕಲಿತ ಇಲಿಯಲ್ಲೂ ರಿನ್ಯೂವಲ್ ಉಂಟು, ಎಎಬಿ ಕೂಡ. ಹೆಚ್ಚಿನ ತೊಂದರೆ ರಿಸರ್ಜೆನ್ಸ್‌ನದು. ಮೊದಲ ಲಿವರ್‌ಗೆ ಆಹಾರ ನಿಲ್ಲಿಸಿ ಎರಡನೆಯದಕ್ಕೆ ಕೊಟ್ಟರೆ ಇಲಿ ಎರಡನೆಯದಕ್ಕೆ ಹೊರಳುತ್ತದೆ. ಅದಕ್ಕೂ ನಿಲ್ಲಿಸಿದ ದಿನ ಮೊದಲನೆಯದಕ್ಕೆ ಮರಳುತ್ತದೆ. ಎರಡನೇ ಲಿವರ್‌ನ ಆಹಾರವನ್ನು ಒಮ್ಮೆಲೇ ನಿಲ್ಲಿಸದೆ ದಿನದಿಂದ ದಿನಕ್ಕೆ ತೆಳುವಾಗಿಸಿದರೆ ಮರಳುವಿಕೆ ಕಡಿಮೆಯಾಗುತ್ತದೆ. ಪೂರ್ತಿ ಹೋಗುತ್ತದೆ ಎಂದು ನೆಚ್ಚಬೇಡಿ.

ಪರೀಕ್ಷೆ ಮತ್ತು ಲೆಕ್ಕ

ಪರೀಕ್ಷೆಯೂ ಒಂದು ಎಕ್ಸ್‌ಟಿಂಕ್ಷನ್ ಸೆಷನ್ನೇ. ಹತ್ತು ಟೋನ್ ಕೊಟ್ಟು ಸರಾಸರಿ ತೆಗೆದರೆ ಮೊದಲ ಎರಡರಲ್ಲಿ ಕಂಡ ಮರಳುವಿಕೆ ಉಳಿದ ಎಂಟರಲ್ಲಿ ಕರಗಿಹೋಗುತ್ತದೆ. 2ರಿಂದ 4 ಟೋನ್ ಸಾಕು, ಟ್ರಯಲ್‌ವಾರು ಅಂಕಿ ತೋರಿಸಿ.

ಕನಿಷ್ಠ ಎರಡು ಹೋಲಿಕೆ ಗುಂಪು ಬೇಕು. ಎಕ್ಸ್‌ಟಿಂಕ್ಷನ್ ಇಲ್ಲದ, ಜಾಗಗಳನ್ನಷ್ಟೇ ನೋಡಿದ ಗುಂಪು ಭಯದ ಮೇಲ್ಮಿತಿ ತೋರಿಸುತ್ತದೆ. ಎಕ್ಸ್‌ಟಿಂಕ್ಷನ್ ಮಾಡಿದ ಜಾಗದಲ್ಲೇ ಪರೀಕ್ಷೆಯಾದ ಗುಂಪು ಕೆಳಮಿತಿ. ನಿಮ್ಮ ತಡೆ ಇವೆರಡರ ನಡುವೆ ಎಲ್ಲಿ ನಿಂತಿತು ಎಂಬುದೇ ಉತ್ತರ. ಎಕ್ಸ್‌ಟಿಂಕ್ಷನ್ ಕೊನೆಯ ಟೋನ್‌ಗಳಿಗೂ ಪರೀಕ್ಷೆಯ ಮೊದಲ ಟೋನ್‌ಗಳಿಗೂ ಇರುವ ವ್ಯತ್ಯಾಸವನ್ನು ಗುಂಪುಗಳ ನಡುವೆ ಹೋಲಿಸಿ. ಒಂದು ಗುಂಪಿನಲ್ಲಿ ವ್ಯತ್ಯಾಸ ಗಣನೀಯ, ಇನ್ನೊಂದರಲ್ಲಿ ಅಲ್ಲ ಎಂದಷ್ಟೇ ಹೇಳಿ ನಿಲ್ಲಿಸುವುದು ಹೋಲಿಕೆಯಲ್ಲ.

ಸ್ಪಾಂಟೇನಿಯಸ್ ರಿಕವರಿಗೆ 1 ದಿನ, 10 ದಿನ, ಸಾಧ್ಯವಾದರೆ 30 ದಿನ, ಪ್ರತಿ ಅಂತರಕ್ಕೂ ಬೇರೆ ಇಲಿಗಳು. ರೀಇನ್‌ಸ್ಟೇಟ್‌ಮೆಂಟ್‌ಗೆ ಪರೀಕ್ಷೆಯ ಜಾಗದಲ್ಲಿ ಸೂಚನೆಯಿಲ್ಲದ ಒಂದೆರಡು ಶಾಕ್, 24 ಗಂಟೆ ಬಿಟ್ಟು ಪರೀಕ್ಷೆ. ಹೋಲಿಕೆಯ ಗುಂಪಿಗೆ ಶಾಕ್ ಬೇರೆ ಚೇಂಬರ್‌ನಲ್ಲಿ.

ಫ್ರೀಜಿಂಗ್ ಎಣಿಸುವ ಸಾಫ್ಟ್‌ವೇರ್‌ಗೆ ಪ್ರತಿ ಕಾಂಟೆಕ್ಸ್ಟ್‌ನಲ್ಲೂ ಹೊಸದಾಗಿ ಮಿತಿ ಹೊಂದಿಸಿ. ಕೆಂಪು ಮಂದ ಬೆಳಕಿನಲ್ಲಿ ಕ್ಯಾಮೆರಾದ ಗದ್ದಲ ಹೆಚ್ಚಾಗಿ ಅಲುಗಾಟದಂತೆ ಎಣಿಕೆಯಾದರೆ, ಬಿಯಲ್ಲಿ ಫ್ರೀಜಿಂಗ್ ಕಡಿಮೆ, ಎಯಲ್ಲಿ ಹೆಚ್ಚು ಎಂದು ಬಂದು, ಇಲ್ಲದ ರಿನ್ಯೂವಲ್ ಕಾಣಿಸುತ್ತದೆ. ಎರಡೂ ಜಾಗಗಳ ಕೆಲವು ವಿಡಿಯೋಗಳನ್ನು ಗುಂಪು ತಿಳಿಯದ ಇಬ್ಬರು ಕಣ್ಣಾರೆ ನೋಡಿ ಎಣಿಸಿ, ಸಾಫ್ಟ್‌ವೇರ್ ಅಂಕಿಯ ಜೊತೆ ತಾಳೆ ಹಾಕಲಿ.

ಹೆಣ್ಣಿಲಿಗಳಲ್ಲಿ ಋತುಚಕ್ರದ ಹಂತ ಬರೆದಿಡಿ: ಮೆಟೆಸ್ಟ್ರಸ್‌ನಲ್ಲಿ ಮಾಡಿದ ಎಕ್ಸ್‌ಟಿಂಕ್ಷನ್ ಪ್ರೋಎಸ್ಟ್ರಸ್‌ನಲ್ಲಿ ಮಾಡಿದ್ದಕ್ಕಿಂತ ಮರುದಿನ ಕಡಿಮೆ ನೆನಪಿರುತ್ತದೆ. ವಯಸ್ಸನ್ನೂ ಬರೆಯಿರಿ. ಸುಮಾರು 16–17 ದಿನದ ಮರಿಗಳಲ್ಲಿ ರಿನ್ಯೂವಲ್ ಕಾಣಲಿಲ್ಲ, 23–24 ದಿನದವುಗಳಲ್ಲಿ ಕಂಡಿತು. ಎಳೆ ಮರಿಗಳಲ್ಲಿ ಸಿಕ್ಕ ತಡೆಯನ್ನು ದೊಡ್ಡ ಇಲಿಗಳಿಗೆ ಹಾಗೇ ಹೊಂದಿಸಲಾಗದು. ಪರೀಕ್ಷೆಯ ಹಿಂದಿನ ದಿನ ಕೇಜ್ ಬದಲಿಸಬೇಡಿ, ದಿನದ ಅದೇ ಹೊತ್ತಿಗೆ ನಡೆಸಿ, ಕೈಗವಸಿನ ಬಗೆಯನ್ನೂ ಬದಲಿಸಬೇಡಿ. ಇಲಿಗೆ ಇವೂ ಕಾಂಟೆಕ್ಸ್ಟ್‌ನ ಭಾಗವೇ.